ಹನ್ನೊಂದು ಪುಟದ ಸ್ಟೇಟ್‌ಮೆಂಟ್

ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಡಾಕ್ಟರು ನಾಲಿಗೆ, ಕಣ್ಣು ನೋಡಿ ಕಾಯಿಲೆ ಹೇಳುತ್ತಾರಲ್ಲ, ನಮಗೆ ಅಕೌಂಟ್ ಸ್ಟೇಟ್‌ಮೆಂಟ್ ನೋಡಿದರೆ ಮನೆ ಹೇಗಿದೆ ಅಂತ ಗೊತ್ತಾಗುತ್ತದೆ. ಸಂಬಳದವರದ್ದು ಮೊದಲೆಲ್ಲ ತಿಂಗಳಿಗೆ ಒಂದು ಪುಟ ಇರುತ್ತಿತ್ತು. ಯುಪಿಐ ಬಂದ ಮೇಲೆ ಮೂರು, ನಾಲ್ಕು ಪುಟ ಆಯಿತು. ಟೀ, ಪೆಟ್ರೋಲು, ಬಾಡಿಗೆ, ಕರೆಂಟ್ ಬಿಲ್ಲು, ಊರಿಗೆ ಕಳಿಸಿದ ದುಡ್ಡು, ಅಷ್ಟೇ. ನಾನು ರಿಟೈರ್ ಆದ ಮೇಲೆ ಒಂದು ದಿನ ನನ್ನ ಅಕ್ಕ ಬಂದಳು. ಬಟ್ಟೆ ಅಂಗಡಿಯ ಕವರಿನೊಳಗಿಂದ ಮಗನ ಸ್ಟೇಟ್‌ಮೆಂಟ್ ತೆಗೆದು ನನ್ನ ಮುಂದಿಟ್ಟಳು. ಒಂದೇ ತಿಂಗಳದ್ದು. ಹನ್ನೊಂದು ಪುಟ ಇತ್ತು.

"ಇವ್ನು ಯಾರಿಗೋ ದುಡ್ಡು ಕೊಡ್ತಾ ಇದಾನೆ ಕಣೋ. ಯಾವ ಹುಡ್ಗಿ ಅಂತ ಸ್ವಲ್ಪ ನೋಡು" ಅಂದಳು.

ಹುಡುಗಿ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಡುಗನಿಗೆ ಇಪ್ಪತ್ತೇಳು ವರ್ಷ. ಬೆಂಗಳೂರಿನಲ್ಲಿ ಕೆಲಸ, ಕೈಗೆ 38,000 ರೂಪಾಯಿ ಸಂಬಳ. ಸಿಗರೇಟು ಕೂಡ ಸೇದುವವನಲ್ಲ. ಸಂಬಳ ಬಂದ ರಾತ್ರಿಯಿಂದಲೇ ಸಾಲುಗಳು ಶುರುವಾಗಿದ್ದವು. 500, 500, 1,000, 2,000, 4,000. ಆಮೇಲೆ ಒಂದು 200. ಆಮೇಲೆ ಬ್ಯಾಲೆನ್ಸ್ 37 ರೂಪಾಯಿ. ಅದರ ಕೆಳಗೇ ಒಂದು ಲೋನ್ ಆಪ್‌ನಿಂದ 10,000 ಜಮಾ. ಮತ್ತೆ 500, 500, 1,000. ಹಣ ಹೋಗಿದ್ದು ಒಬ್ಬರಿಗಲ್ಲ. ಒಂದು ಸಲ ಯಾವುದೋ ಟ್ರೇಡರ್ಸ್, ಇನ್ನೊಂದು ಸಲ ಮೊಬೈಲ್ ಅಂಗಡಿ, ಮತ್ತೊಂದು ಸಲ ಹಾಲಿನ ಡೇರಿ. ಸ್ಟೇಟ್‌ಮೆಂಟಿನಲ್ಲಿ ಟೈಮ್ ಇರಲಿಲ್ಲ. ಆಮೇಲೆ ಅವನ ಫೋನಿನಲ್ಲಿ ನೋಡಿದರೆ ಎಲ್ಲವೂ ರಾತ್ರಿ ಹನ್ನೊಂದರಿಂದ ಮೂರರ ಒಳಗೆ ಆಗಿದ್ದವು. ರಾತ್ರಿ ಎರಡು ಗಂಟೆಗೆ ಹಾಲಿನ ಡೇರಿಗೆ ನಾಲ್ಕು ಸಾವಿರ ಯಾರು ಕೊಡುತ್ತಾರೆ ಹೇಳಿ?

ಆ ಹನ್ನೊಂದು ಪುಟದಲ್ಲಿ ಹಣ ಒಳಗೆ ಬಂದದ್ದೂ ಇತ್ತು. ಒಂದು ಕಡೆ 4,200, ಇನ್ನೊಂದು ಕಡೆ 1,800. ಆಮೇಲೆ ಅವನನ್ನು ಕೂರಿಸಿಕೊಂಡು ಕೇಳಿದಾಗ ಅವನಿಗೆ ಆ 4,200ರ ತಾರೀಖು, ವಾರ, ಆ ರಾತ್ರಿ ಏನು ತಿಂದಿದ್ದ, ಎಲ್ಲ ನೆನಪಿತ್ತು. ಹೋದದ್ದು ಎಷ್ಟು ಅಂದರೆ "ಒಂದು ಹದಿನೈದು ಸಾವಿರ ಇರಬಹುದು ಮಾಮ" ಅಂದ. ನಾನು ಪೆನ್ಸಿಲ್ ಹಿಡಿದು ಕೂಡಿಸಿದೆ. ಆ ಒಂದು ತಿಂಗಳಲ್ಲೇ 61,000 ಹೋಗಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹದಿನೈದು ಅಂತಲೇ ಅನಿಸಿತ್ತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಜೂಜು ಅಂದ ತಕ್ಷಣ ನಾವು ದುರಾಸೆ ಅನ್ನುತ್ತೇವೆ. ಧರ್ಮರಾಯನ ಕಥೆ ತೆಗೆಯುತ್ತೇವೆ. ನನಗೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಂಡದ್ದು ಬೇರೆ. ಆಸೆ ಎಲ್ಲರಿಗೂ ಇತ್ತು, ಈಗಲೂ ಇದೆ. ಬದಲಾದದ್ದು ವೇಗ.

ನಾನು ರಾಯಚೂರು ಜಿಲ್ಲೆಯ ಒಂದು ಶಾಖೆಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಮಟಕಾ. ಶಿವಮೊಗ್ಗ ಕಡೆ ಅದನ್ನೇ ಓಸಿ ಅನ್ನುತ್ತಾರೆ. ಇದರ ಹುಟ್ಟು ಸ್ವಾರಸ್ಯವಾಗಿದೆ. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ಬೆಳಿಗ್ಗೆ ಓಪನಿಂಗ್ ರೇಟು, ಸಂಜೆ ಕ್ಲೋಸಿಂಗ್ ರೇಟು ಬರುತ್ತಿತ್ತಲ್ಲ, ಅದು ತಂತಿಯ ಮೂಲಕ ಬೊಂಬಾಯಿಗೆ ತಲುಪುತ್ತಿತ್ತು. ಅದರ ಅಂಕಿಗಳ ಮೇಲೆ ಇಲ್ಲಿ ಜನ ಹಣ ಕಟ್ಟುತ್ತಿದ್ದರು. 1961ರಲ್ಲಿ ಅಲ್ಲಿಂದ ರೇಟು ಬರುವುದು ನಿಂತಿತು. ಆಗ ಮಡಕೆಯಲ್ಲಿ ಚೀಟಿ ಹಾಕಿ ಎತ್ತುವುದು ಶುರುವಾಯಿತು. ಆ ಮಡಕೆಯೇ ಮಟಕಾ. 1962ರಲ್ಲಿ ಕಲ್ಯಾಣ್ ಮಟಕಾ, 1964ರಲ್ಲಿ ರತನ್ ಖತ್ರಿ ಅನ್ನುವವನ ಮಟಕಾ ಶುರುವಾದವು. ಓಪನ್, ಕ್ಲೋಸ್ ಅನ್ನುವ ಮಾತು ಮಾತ್ರ ಹತ್ತಿ ಪೇಟೆಯದ್ದೇ ಉಳಿದುಕೊಂಡಿತು. ನಮ್ಮೂರಿನ ಚಹಾ ಅಂಗಡಿಯಲ್ಲಿ "ಓಪನ್ ಏನ್ ಬಂತ್ರಿ?" ಅಂತ ಕೇಳುವವನಿಗೆ ತಾನು ಅಮೆರಿಕದ ಹತ್ತಿ ಬಗ್ಗೆ ಕೇಳುತ್ತಿದ್ದೇನೆ ಅಂತ ಗೊತ್ತಿರುವುದಿಲ್ಲ, ಪಾಪ.

ಆ ಕಡೆಯ ಪೇಪರುಗಳಲ್ಲಿ ಪೊಲೀಸರ ಪ್ರಕಟಣೆ ನೀವು ಓದಿರಬಹುದು. "ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಮಟಕಾ ಚೀಟಿ ಬರೆದುಕೊಡುತ್ತಿದ್ದ" ಅಂತ ಇರುತ್ತದೆ. ಈ ಎಂಬತ್ತನ್ನು ಸ್ವಲ್ಪ ನಿಂತು ನೋಡೋಣ. ಓಪನ್ ಅಂಕಿ, ಕ್ಲೋಸ್ ಅಂಕಿ ಸೇರಿ 00ಯಿಂದ 99ರವರೆಗೆ ನೂರು ಜೋಡಿ ಇವೆ. ನಿಮ್ಮದು ಬರುವುದು ನೂರಕ್ಕೆ ಒಂದು ಸಲ. ಬಂದಾಗ ಕೊಡುವುದು ಎಂಬತ್ತು. ಅಂದರೆ ಊರಿನವರೆಲ್ಲ ಸೇರಿ ನೂರು ರೂಪಾಯಿ ಕಟ್ಟಿದರೆ ಬುಕ್ಕಿ ಇಪ್ಪತ್ತನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಹಗಲು ದರೋಡೆ, ಅಲ್ವಾ?

ಈಗ ಫೋನಿನ ಆಟಕ್ಕೆ ಬನ್ನಿ. ನನ್ನ ಅಕ್ಕನ ಮಗ ಆಡುತ್ತಿದ್ದದ್ದು ವಿಮಾನ ಮೇಲಕ್ಕೆ ಹಾರುವ ಆಟ. ಹಾರುತ್ತಾ ಹೋದ ಹಾಗೆ ಪಕ್ಕದಲ್ಲಿ ಅಂಕಿ ಏರುತ್ತದೆ. 1.2, 1.5, 2, 3. ಅದು ಮಾಯವಾಗುವುದರೊಳಗೆ ನೀವು ಬಟನ್ ಒತ್ತಿ ಹೊರಗೆ ಬರಬೇಕು. ಬಂದರೆ ಕಟ್ಟಿದ ಹಣ ಅಷ್ಟು ಪಟ್ಟು ಆಗುತ್ತದೆ. ಬರದಿದ್ದರೆ ಹೋಯಿತು. ಇಂಥ ಆಟಗಳವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾವು ನೂರಕ್ಕೆ 97 ವಾಪಸ್ ಕೊಡುತ್ತೇವೆ ಅಂತ. ಅದು ನಿಜ ಅಂತಲೇ ಇಟ್ಟುಕೊಳ್ಳೋಣ. ಮಟಕಾದವನು ಇಪ್ಪತ್ತು ತಿನ್ನುತ್ತಾನೆ, ಇವನು ಬರೀ ಮೂರು. ಎಷ್ಟು ಒಳ್ಳೆಯವನು!

ಆದರೆ ಮಟಕಾದ ನಂಬರು ದಿನಕ್ಕೆ ಓಪನ್ ಒಂದು, ಕ್ಲೋಸ್ ಒಂದು. ದಿನಕ್ಕೆ ನೂರು ರೂಪಾಯಿ ಕಟ್ಟುವವನು ಸರಾಸರಿ ಇಪ್ಪತ್ತು ರೂಪಾಯಿ ಕಳೆಯುತ್ತಾನೆ. ವಿಮಾನ ಮಾತ್ರ ಅರ್ಧ ನಿಮಿಷಕ್ಕೊಂದು ಹಾರುತ್ತದೆ. ಗಂಟೆಗೆ 120 ಸಲ. ಪ್ರತಿ ಸಲ ನೂರು ರೂಪಾಯಿ ಅಂದರೆ ಗಂಟೆಗೆ 12,000 ಕಟ್ಟಿದ ಹಾಗಾಯಿತು. ಅದಕ್ಕೆ ನೂರಕ್ಕೆ ಮೂರು ಅಂದರೆ 360. ರಾತ್ರಿ ಮೂರು ಗಂಟೆ ಆಡಿದರೆ ಸಾವಿರದ ಮೇಲೆ. ಬರೀ ನೂರು ನೂರು ಕಟ್ಟಿದರೂ ಇಷ್ಟು. ಮಟಕಾದವನು ದೊಡ್ಡ ಚಾಕುವಿನಲ್ಲಿ ದಿನಕ್ಕೊಮ್ಮೆ ಕೊಯ್ಯುತ್ತಿದ್ದ. ಇವನದ್ದು ಸೊಳ್ಳೆ ಕಚ್ಚಿದ ಹಾಗೆ, ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ. ಮಟಕಾ ಆಡುವವನಿಗೆ ಎರಡು ನಂಬರಿನ ನಡುವೆ ಸಮಯ ಇರುತ್ತಿತ್ತು. ಹೊಲಕ್ಕೆ ಹೋಗಬೇಕು, ದನಕ್ಕೆ ನೀರು ಕುಡಿಸಬೇಕು, ಹೆಂಡತಿ ಕೈಲಿ ಬೈಸಿಕೊಳ್ಳಬೇಕು. ಚೀಟಿ ಬರೆಯುವವನ ಹತ್ತಿರ ನಡೆದು ಹೋಗಬೇಕು, ಯಾರಾದರೂ ನೋಡುತ್ತಾರಾ ಅಂತ ಹೆದರಬೇಕು. ಜೇಬಿನಲ್ಲಿದ್ದ ನೋಟು ಖಾಲಿ ಆದರೆ ಆಟ ಮುಗಿಯಿತು. ಇವೆಲ್ಲ ಬೇಲಿಗಳು. ಯಾರೂ ಬೇಕು ಅಂತ ಹಾಕಿದ್ದಲ್ಲ, ತಾವಾಗೇ ಇದ್ದವು. ಫೋನು ಆ ಬೇಲಿಗಳನ್ನು ಒಂದೊಂದಾಗಿ ಕಿತ್ತು ಹಾಕಿತು. ಆನ್‌ಲೈನ್ ಜೂಜನ್ನು ಹಿಡಿತಕ್ಕೆ ತರುವುದು ಹೇಗೆ ಅಂತ ನನ್ನನ್ನು ಕೇಳಿದರೆ, ನನ್ನ ಉತ್ತರ ಇದೇ. ಕಿತ್ತು ಹೋದ ಬೇಲಿಗಳನ್ನು ಮತ್ತೆ ನೆಡಬೇಕು. ದುಡ್ಡನ್ನು ನಿಧಾನ ಮಾಡಬೇಕು.

ಮುಂದಿನ ಸಾಲಿನ ಹುಡುಗರು ನಗುತ್ತಿದ್ದೀರಿ. ನನಗೆ ಗೊತ್ತು ಯಾಕೆ ಅಂತ. "ಸಾರ್, ನಾವು ಲೆಕ್ಕ ಹಾಕಿ ಆಡ್ತೀವಿ" ಅಂತ ತಾನೇ? ಡಬಲ್ ಮಾಡುವ ಲೆಕ್ಕ. ನೂರು ಹೋದರೆ ಇನ್ನೂರು ಕಟ್ಟು. ಇನ್ನೂರು ಹೋದರೆ ನಾನೂರು. ಯಾವತ್ತೋ ಒಂದು ಸಲ ಗೆದ್ದೇ ಗೆಲ್ಲುತ್ತೀಯ, ಹೋದದ್ದೆಲ್ಲ ಬಂದು ಮೇಲೆ ನೂರು ಲಾಭ. ನನ್ನ ಸೋದರಳಿಯನಿಗೂ ಯಾರೋ ಟೆಲಿಗ್ರಾಂನಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ಸ್ಟೇಟ್‌ಮೆಂಟಿನಲ್ಲಿ 500, 1,000, 2,000, 4,000 ಅಂತ ಏರುತ್ತಿದ್ದದ್ದು ಅದಕ್ಕೇ.

ಬನ್ನಿ, ಆ ಲೆಕ್ಕವನ್ನೂ ನೋಡೋಣ. ನೂರರಿಂದ ಶುರು ಮಾಡಿ ಏಳು ಸಲ ಸತತವಾಗಿ ಸೋತರೆ ಎಷ್ಟು ಹೋಗುತ್ತದೆ? 100, 200, 400, 800, 1,600, 3,200, 6,400. ಒಟ್ಟು 12,700. ಎಂಟನೆಯದಕ್ಕೆ 12,800 ಬೇಕು. ಏಳು ಸಲ ಸತತವಾಗಿ ಯಾರು ಸೋಲುತ್ತಾರೆ ಅಂತ ನೀವು ಕೇಳುತ್ತೀರಿ. ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕರ್ಧ ಅವಕಾಶ ಇದ್ದರೂ, 120 ಸಲ ಆಡಿದರೆ ಅದರಲ್ಲಿ ಎಲ್ಲಾದರೂ ಒಂದು ಕಡೆ ಏಳು ಸೋಲು ಸಾಲಾಗಿ ಬರುವ ಸಾಧ್ಯತೆ ಮೂರರಲ್ಲಿ ಒಂದು. ಅಂದರೆ ದಿನಾ ಒಂದೊಂದು ಗಂಟೆ ಆಡುವವನಿಗೆ ಹೆಚ್ಚುಕಡಿಮೆ ಮೂರು ದಿನಕ್ಕೊಮ್ಮೆ ಇದು ಬಂದು ಬಡಿಯುತ್ತದೆ. ಗೆದ್ದಾಗ ಬರುವುದು ನೂರು. ಸೋತಾಗ ಹೋಗುವುದು ಹನ್ನೆರಡು ಸಾವಿರದ ಏಳುನೂರು. ಮನೆಗೆ ಹೋಗಿ ನಾಣ್ಯ ಚಿಮ್ಮಿ ಬರೆದುಕೊಂಡು ನೋಡಿ. ಅದಕ್ಕೇನೂ ದುಡ್ಡು ಬೇಕಿಲ್ಲ.

ಆದರೂ ಬಿಡಲು ಆಗುವುದಿಲ್ಲ ಯಾಕೆ? ಸ್ಕಿನ್ನರ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದವರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಕಾಳು ಯಾವಾಗ ಬೀಳುತ್ತದೆ ಅಂತ ಲೆಕ್ಕವೇ ಸಿಗದ ಹಾಗೆ ಮಾಡಿದಾಗ, ಒಮ್ಮೆ ಎರಡು ಕುಕ್ಕಿಗೆ, ಒಮ್ಮೆ ಐವತ್ತಕ್ಕೆ ಬೀಳುವ ಹಾಗೆ ಮಾಡಿದಾಗ, ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತಿತ್ತು. ಕಾಳು ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಿತ್ತು. ಮೀನು ಹಿಡಿಯಲು ಗಾಳ ಹಾಕಿ ಕೂತವರನ್ನು ನೋಡಿದ್ದೀರಲ್ಲ, ಅದೇ ಕಥೆ.

ಅದರ ಜೊತೆಗೆ ಇನ್ನೊಂದು ಕುತಂತ್ರ ಇದೆ. ನೀವು ಎರಡು ಪಟ್ಟಿಗೆ ಹೊರಗೆ ಬಂದಿರಿ ಅಂತ ಇಟ್ಟುಕೊಳ್ಳಿ. ವಿಮಾನ ಅಲ್ಲಿಗೆ ನಿಲ್ಲುವುದಿಲ್ಲ. ಹದಿನಾಲ್ಕು ಪಟ್ಟಿನವರೆಗೆ ಹಾರಿ ತೋರಿಸುತ್ತದೆ. ಗೆದ್ದವನಿಗೂ "ಛೇ, ಇನ್ನೆರಡು ಸೆಕೆಂಡ್ ತಡೆದಿದ್ದರೆ" ಅನ್ನಿಸುತ್ತದೆ. ಸೋತವನಿಗಂತೂ ಕೂದಲೆಳೆಯಲ್ಲಿ ತಪ್ಪಿತು ಅನ್ನಿಸುತ್ತದೆ. ಕಳೆದುಕೊಂಡ ಕಡೆಯೇ ಹುಡುಕಬೇಕು ಅಂತ ನಮ್ಮಲ್ಲಿ ಮಾತಿದೆಯಲ್ಲ. ಉಂಗುರಕ್ಕೆ ಅದು ಸರಿ. ಜೂಜಿನಲ್ಲಿ ಕಳೆದದ್ದನ್ನು ಅಲ್ಲೇ ಹುಡುಕಲು ಹೋದವನು ಕೈಯಲ್ಲಿದ್ದ ಬ್ಯಾಟರಿಯನ್ನೂ ಅಲ್ಲೇ ಬಿಟ್ಟು ಬರುತ್ತಾನೆ.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಎಳೆಯುವುದಿಲ್ಲ. ನಮ್ಮ ದೇಶದಲ್ಲಿ ಇದರ ಜಗಳವೆಲ್ಲ ಒಂದೇ ಪ್ರಶ್ನೆಯ ಸುತ್ತ ನಡೆಯಿತು. ಈ ಆಟ ಕೌಶಲದ್ದೋ, ಅದೃಷ್ಟದ್ದೋ? 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂದಿತು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು ಹೇಳಿತು. ಹಾಗಾಗಿ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಸೂಟು ಹಾಕಿಕೊಂಡು ಕುದುರೆ ಮೇಲೆ ಹಣ ಕಟ್ಟಿದರೆ ಅದು ತಪ್ಪಲ್ಲ. ಹಳ್ಳಿಯಲ್ಲಿ ಆಲದ ಮರದ ಕೆಳಗೆ ಅಂದರ್ ಬಾಹರ್ ಆಡಿದರೆ ಜೀಪು ಬರುತ್ತದೆ. ಸರ್ಕಾರಕ್ಕೂ ಇದರಲ್ಲಿ ಮಡಿವಂತಿಕೆ ಏನಿರಲಿಲ್ಲ ಬಿಡಿ. ನಮ್ಮ ರಾಜ್ಯದಲ್ಲೇ 2007ರವರೆಗೆ ಬಸ್‌ಸ್ಟ್ಯಾಂಡುಗಳಲ್ಲಿ ಲಾಟರಿ ಟಿಕೆಟ್ ನೇತಾಡುತ್ತಿದ್ದದ್ದು ದೊಡ್ಡವರಿಗೆ ನೆನಪಿರಬೇಕು. ಕೇರಳದಲ್ಲಿ ಇವತ್ತೂ ಸರ್ಕಾರವೇ ಮಾರುತ್ತದೆ. 2024ರ ಓಣಂ ಬಂಪರ್, 25 ಕೋಟಿ, ಮಂಡ್ಯ ಜಿಲ್ಲೆಯ ಒಬ್ಬರಿಗೆ ಹೊಡೆಯಿತು. ಅದು ನಮಗೆಲ್ಲ ಗೊತ್ತು. ಅದೇ ಬಂಪರಿಗೆ ಟಿಕೆಟ್ ತಗೊಂಡು ಏನೂ ಬರದವರ ಹೆಸರು ಪೇಪರಿನಲ್ಲಿ ಹಾಕಿದರೆ ಎಷ್ಟು ಪುಟ ಬೇಕಾಗುತ್ತಿತ್ತು, ಯೋಚನೆ ಮಾಡಿ.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಕ್ಟೋಬರ್ 5ಕ್ಕೆ ಅದು ಜಾರಿಗೆ ಬಂತು. ನಾಲ್ಕು ತಿಂಗಳಲ್ಲಿ, 2022ರ ಫೆಬ್ರವರಿ 14ರಂದು, ನಮ್ಮ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದು ಸರಿಯಲ್ಲ ಅನ್ನುವುದು ಒಂದು ದೊಡ್ಡ ಕಾರಣ. ಆಮೇಲೆ ಕೇಂದ್ರ ಸರ್ಕಾರ ತೆರಿಗೆಯ ದಾರಿ ಹಿಡಿಯಿತು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್, ಅದೇ ವರ್ಷ ಅಕ್ಟೋಬರ್‌ನಿಂದ ಕಟ್ಟಿದ ಹಣದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ. ಜನ ಆಡುವುದನ್ನು ಬಿಡಲಿಲ್ಲ.

ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದನ್ನೂ ನಡೆಸುವ ಹಾಗಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷದವರೆಗೆ. ಹಣ ದಾಟಿಸುವ ಬ್ಯಾಂಕುಗಳನ್ನೂ ಬಿಡಲಿಲ್ಲ. ಅದಾದ ಮುಂದಿನ ತಿಂಗಳು ಏಷ್ಯಾ ಕಪ್‌ನಲ್ಲಿ ನಮ್ಮ ಕ್ರಿಕೆಟಿಗರ ಜೆರ್ಸಿಯ ಎದೆ ಮೇಲೆ ಪ್ರಾಯೋಜಕರ ಹೆಸರೇ ಇರಲಿಲ್ಲ, ನೋಡಿರಬೇಕು. ಅದುವರೆಗೆ ಅಲ್ಲಿದ್ದದ್ದು ಇಂಥದ್ದೇ ಆಟದ ಕಂಪನಿಯ ಹೆಸರು. ಕಾಯ್ದೆಯನ್ನು ಮೊದಲು ಪ್ರಶ್ನಿಸಿದ್ದು ನಮ್ಮ ಹೈಕೋರ್ಟಿನಲ್ಲಿ. ಆಮೇಲೆ ಬೇರೆ ಬೇರೆ ರಾಜ್ಯಗಳ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟು ತನ್ನ ಹತ್ತಿರ ತರಿಸಿಕೊಂಡಿತು.

ಈ ಕಾಯ್ದೆಯಲ್ಲಿ ಒಂದು ಮಾತು ಮನೆಯವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಎಷ್ಟೋ ಹುಡುಗರು ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಬಾಯಿ ಬಿಡುವುದಿಲ್ಲ. ಈ ಕಾಯ್ದೆಯ ಮಟ್ಟಿಗೆ ಆ ಹೆದರಿಕೆ ಬೇಡ.

ನಿಷೇಧದ ಬಗ್ಗೆ ನನಗೆ ತಕರಾರಿಲ್ಲ. ಟಿವಿಯಲ್ಲಿ, ಬಸ್ಸಿನ ಮೇಲೆ, ಸಿನಿಮಾ ನಟರ ಬಾಯಲ್ಲಿ ಬರುತ್ತಿದ್ದ ಆ ಜಾಹೀರಾತು ನಿಂತದ್ದೇ ಒಂದು ದೊಡ್ಡ ಉಪಕಾರ. ಆದರೆ ಅಳಿಯ ಆಡುತ್ತಿದ್ದ ಸೈಟು ಮೊದಲಿನಿಂದಲೂ ಕಳ್ಳ ಸೈಟೇ. ಎಲ್ಲೋ ವಿದೇಶದ್ದು. ಒಂದನ್ನು ಬ್ಲಾಕ್ ಮಾಡಿದರೆ ಹೆಸರಿನ ಕೊನೆಗೆ ಒಂದಂಕಿ ಸೇರಿಸಿ ಇನ್ನೊಂದು ಹುಟ್ಟುತ್ತದೆ. ಅಲ್ಲಿ ವಯಸ್ಸು ಕೇಳುವವರಿಲ್ಲ, ಮಿತಿ ಹಾಕುವವರಿಲ್ಲ, ಗೆದ್ದ ದುಡ್ಡು ಕೊಡದಿದ್ದರೆ ಕೇಳಲು ಒಂದು ಬಾಗಿಲೂ ಇಲ್ಲ.

ಹಾಲಿನ ಡೇರಿಯ ಗುಟ್ಟು ಇಲ್ಲೇ ಇದೆ. ಕಾಲೇಜು ಹುಡುಗರೇ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕಳ್ಳ ಸೈಟಿನವನು ತನ್ನ ಹೆಸರಿನಲ್ಲಿ ಅಕೌಂಟ್ ಇಟ್ಟುಕೊಳ್ಳುವುದಿಲ್ಲ. ಬಾಡಿಗೆಗೆ ತಗೊಳ್ಳುತ್ತಾನೆ. "ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಐದು ಸಾವಿರ ಕೊಡ್ತೀನಿ" ಅಂತ ಯಾರೋ ಸೀನಿಯರ್ ಬಂದು ಕೇಳುತ್ತಾನೆ. ಬ್ಯಾಂಕಿನವರು ಇದಕ್ಕೆ ಮ್ಯೂಲ್ ಅಕೌಂಟ್ ಅನ್ನುತ್ತಾರೆ. ಹೇಸರಗತ್ತೆ ಅಂತ ಅರ್ಥ. ಸಾಮಾನು ಯಾರದ್ದೋ, ಹೊರುವುದು ನೀವು. ಪೊಲೀಸರು ಹುಡುಕಿಕೊಂಡು ಬರುವುದು ಹೆಸರು ಇರುವವನ ಮನೆಗೆ. ಇಲ್ಲಿ ಆಡಿದವನಿಗೆ ಸಿಗುವ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಬ್ಯಾಂಕಿಗೆ ಹೋಗಿ ಬರೆದುಕೊಟ್ಟು ನಿಲ್ಲಿಸಿ.

ಇಂಗ್ಲೆಂಡಿನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಆನ್‌ಲೈನ್ ಜೂಜಿಗೆ ಲೈಸೆನ್ಸ್ ಇದೆ. ಅವರು ಹಾಕಿದ ಒಂದೊಂದು ನಿಯಮವನ್ನು ನೋಡಿದರೆ ನಾನು ಹೇಳಿದ ಬೇಲಿಯೇ ಕಾಣುತ್ತದೆ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವ ಹಾಗಿಲ್ಲ. ಸಾಲದ ದುಡ್ಡು ಬಂದ್. 2021ರಿಂದ ಆನ್‌ಲೈನ್ ಸ್ಲಾಟ್ ಆಟದಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡ್ ಆಗಲೇಬೇಕು. ತಾನೇ ಆಡಿಕೊಂಡು ಹೋಗುವ ಆಟೋಪ್ಲೇ ಬಂದ್. 2025ರಿಂದ ಒಂದು ಸುತ್ತಿಗೆ ಐದು ಪೌಂಡಿಗಿಂತ ಜಾಸ್ತಿ ಕಟ್ಟುವ ಹಾಗಿಲ್ಲ. ಇಪ್ಪತ್ತೈದರ ಒಳಗಿನವರಿಗೆ ಎರಡೇ ಪೌಂಡ್. ನಮ್ಮ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ರೂಪಾಯಿ. ಇನ್ನೊಂದು ನನಗೆ ತುಂಬ ಹಿಡಿಸಿದ್ದು, ಗ್ಯಾಮ್‌ಸ್ಟಾಪ್ ಅನ್ನುವ ವ್ಯವಸ್ಥೆ. ಮನಸ್ಸು ಗಟ್ಟಿ ಇರುವ ಒಂದು ದಿನ ಅಲ್ಲಿ ಹೆಸರು ಕೊಟ್ಟರೆ ಸಾಕು. ಲೈಸೆನ್ಸ್ ಇರುವ ಒಂದು ಸೈಟೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಆರು ತಿಂಗಳು, ಒಂದು ವರ್ಷ, ಐದು ವರ್ಷ, ನೀವೇ ಆರಿಸಿಕೊಳ್ಳಬಹುದು. ಆಮೇಲೆ ರಾತ್ರಿ ಎರಡು ಗಂಟೆಗೆ ಮನಸ್ಸು ಬದಲಾದರೂ ಬಾಗಿಲು ತೆರೆಯುವುದಿಲ್ಲ.

ನಮ್ಮ ಪಕ್ಕದ ತಮಿಳುನಾಡು ಕೂಡ ಇಂಥದ್ದೇ ಒಂದನ್ನು ಮಾಡಿತ್ತು. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದರವರೆಗೆ ಹಣದ ಆಟಕ್ಕೆ ಲಾಗಿನ್ ಆಗುವಂತಿಲ್ಲ ಅಂತ. ಕಂಪನಿಗಳು ಕೋರ್ಟಿಗೆ ಹೋದವು. 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಆ ನಿಯಮವನ್ನು ಎತ್ತಿ ಹಿಡಿಯಿತು. ಎರಡು ತಿಂಗಳಲ್ಲಿ ದೇಶಕ್ಕೇ ನಿಷೇಧ ಬಂತು. ಪೂರ್ತಿ ನಿಷೇಧ ಮಾಡಿದ ಮೇಲೆ ರಾತ್ರಿ ಬಾಗಿಲು ಹಾಕಿಸಲು ಅಂಗಡಿಯೇ ಇರುವುದಿಲ್ಲ. ಕಳ್ಳ ಅಂಗಡಿಗೆ ಬಾಗಿಲು ಇಲ್ಲ. ಹಾಗಾಗಿ ಬೇಲಿ ಹಾಕುವ ಕೆಲಸ ಮನೆಗೇ ಬಂದು ಬಿತ್ತು. ಇದು ನ್ಯಾಯವೋ ಅಲ್ಲವೋ ಬೇರೆ ಮಾತು. ಆದರೆ ಈಗ ಇರುವುದು ಹೀಗೆ.

ಮನೆಯಲ್ಲಿ ನಾವು ಏನು ಮಾಡಿದೆವು, ಮೊದಲು ಏನು ತಪ್ಪು ಮಾಡಿದೆವು, ಎರಡನ್ನೂ ಹೇಳುತ್ತೇನೆ.

ಮೊದಲ ತಪ್ಪು, ಸಾಲ ತೀರಿಸಿದ್ದು. ಭಾವ ಎಫ್‌ಡಿ ಮುರಿದು ಲೋನ್ ಆಪ್‌ಗಳಿಗೆಲ್ಲ ಒಂದೇ ದಿನ ಕಟ್ಟಿಬಿಟ್ಟರು. ನಾನೇ ಬ್ಯಾಂಕಿನವನು ಪಕ್ಕದಲ್ಲಿ ಕೂತು ಮಾಡಿಸಿದ್ದು, ನಾಚಿಕೆ ಆಗುತ್ತದೆ. ಸಾಲ ತೀರಿದ ತಕ್ಷಣ ಅದೇ ಆಪ್‌ಗಳು "ನಿಮಗೆ 40,000 ಮಂಜೂರಾಗಿದೆ" ಅಂತ ಮೆಸೇಜ್ ಕಳಿಸಿದವು. ಎರಡನೆಯ ತಪ್ಪು, ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದ್ದು. ಎರಡು ತಿಂಗಳು ಬಿಟ್ಟ. ಆಮೇಲೆ ಒಂದು ರಾತ್ರಿ ಇನ್ನೂರು ರೂಪಾಯಿ ಆಡಿದ. ಇನ್ನೂರು ಹೋದದ್ದನ್ನು ಹೇಳಿಬಿಡಬಹುದಿತ್ತು. ಆದರೆ ಆಣೆ ಮುರಿದದ್ದನ್ನು ತಾಯಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಆ ಇನ್ನೂರನ್ನು ಮುಚ್ಚಲು ಹೋಗಿ ಮತ್ತೆ ಮೂವತ್ತು ಸಾವಿರ ಕಳೆದ. ಮೂರನೆಯದನ್ನು ಮಾಡುವುದರಲ್ಲಿದ್ದೆವು, ನಿಂತಿತು. ಮದುವೆ ಮಾಡಿದರೆ ಸರಿ ಹೋಗ್ತಾನೆ ಅಂತ ಜಾತಕ ತೆಗೆದಿದ್ದರು. ಅಮ್ಮಂದಿರೇ, ನಿಮ್ಮ ಮಗನ ಕಾಯಿಲೆಗೆ ಇನ್ನೊಬ್ಬರ ಮಗಳು ಔಷಧಿಯಲ್ಲ.

ಕಾಯಿಲೆ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೆ ಜಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತಲೇ ಒಂದಿದೆ. ಫೋನು, ಇಂಟರ್‌ನೆಟ್, ಆನ್‌ಲೈನ್ ಆಟ, ಇವುಗಳ ಚಟದವರಿಗೆ. ದೂರದ ಊರಿನವರಿಗೆ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡಕ್ಕೂ ಎತ್ತುತ್ತಾರೆ. ನಂಬರನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಫೋಟೋ ತೆಗೆದುಕೊಳ್ಳಿ. ಸಾಲದಲ್ಲಿ ಸಿಕ್ಕವನು "ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ" ಅನ್ನುವ ಥರ ಮಾತಾಡಿದರೆ ಅದನ್ನು ನಾಟಕ ಅಂದುಕೊಳ್ಳಬೇಡಿ. ಅವತ್ತು ಅವನನ್ನು ಒಬ್ಬನನ್ನೇ ಬಿಡಬೇಡಿ, ಆ ನಂಬರಿಗೆ ನೀವೇ ಫೋನ್ ಮಾಡಿ.

ಎರಡನೇ ಸಲ ನಾವು ಬೇರೆ ರೀತಿ ಮಾಡಿದೆವು. ಮೊದಲು ಪೂರ್ತಿ ಸಾಲದ ಪಟ್ಟಿ. ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ತೆಗೆದಾಗ ಅವನು ಹೇಳದೆ ಇದ್ದ ಎರಡು ಸಾಲ ಹೊರಗೆ ಬಂದವು. ಕೈಸಾಲ ಅದರಲ್ಲಿ ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಕೂತು ಕೇಳಬೇಕು, ಬೈಯದೆ ಕೇಳಬೇಕು. ಸಾಲವನ್ನು ಅವನ ಸಂಬಳದಿಂದಲೇ ಕಂತಿನಲ್ಲಿ ತೀರಿಸುವುದು ಅಂತಾಯಿತು.

ಆಮೇಲೆ ದುಡ್ಡಿನ ದಾರಿಗೆ ಉಬ್ಬು ಹಾಕಿದೆವು. ರಸ್ತೆಯಲ್ಲಿ ಇರುತ್ತದಲ್ಲ, ಹಂಪ್, ಅದೇ. ಸಂಬಳ ಬರುವ ಅಕೌಂಟಿನಿಂದ ಯುಪಿಐ ತೆಗೆಸಿದೆವು. ಕಾರ್ಡಿನಲ್ಲಿ ಆನ್‌ಲೈನ್ ವ್ಯವಹಾರ ಬಂದ್ ಮಾಡಿದೆವು. ಇದನ್ನು ಬ್ಯಾಂಕಿನ ಆಪ್‌ನಲ್ಲಿ ನೀವೇ ಮಾಡಬಹುದು, 2020ರಿಂದ ಎಲ್ಲ ಬ್ಯಾಂಕೂ ಈ ಸೌಲಭ್ಯ ಕೊಡಲೇಬೇಕು. ದಿನದ ಖರ್ಚಿಗೆ ಯುಪಿಐ ಸರ್ಕಲ್. ಇದು 2024ರಲ್ಲಿ ಬಂದದ್ದು, ತುಂಬ ಜನಕ್ಕೆ ಗೊತ್ತಿಲ್ಲ. ಅಕೌಂಟು ಅಕ್ಕನದ್ದು, ಅವನು ಅದರಿಂದ ಖರ್ಚು ಮಾಡಬಹುದು, ತಿಂಗಳಿಗೆ 15,000 ಮೇಲೆ ಹೋಗುವುದಿಲ್ಲ. ಬೇಕಾದರೆ ಪ್ರತಿ ಸಲವೂ ಅಕ್ಕ ಒಪ್ಪಿದ ಮೇಲೆಯೇ ಹಣ ಹೋಗುವ ಹಾಗೂ ಇಡಬಹುದು. ನಾವು ಮೊದಲ ಮೂರು ತಿಂಗಳು ಹಾಗೇ ಇಟ್ಟಿದ್ದೆವು. ಅವಳು ಪೂಜೆಗೆ ಕೂತಿದ್ದಾಗ ಇವನು ಬೆಂಗಳೂರಿನ ಹೋಟೆಲಿನಲ್ಲಿ ಇಡ್ಲಿ ಬಿಲ್ಲಿಗೆ ಇಪ್ಪತ್ತು ನಿಮಿಷ ಕಾದಿದ್ದೂ ಉಂಟು. ಅವನಿಗೆ ಅವಮಾನ ಆಯಿತು, ನಿಜ. ಆದರೆ ಇದನ್ನೆಲ್ಲ ಅವನೇ ಒಪ್ಪಿ ಮಾಡಿದ್ದು. ಒಪ್ಪದವನಿಗೆ ಮಾಡಿದರೆ ಒಂದೇ ವಾರದಲ್ಲಿ ಇನ್ನೊಂದು ಅಕೌಂಟ್ ತೆಗೆಯುತ್ತಾನೆ.

ರಾತ್ರಿ ಹತ್ತೂವರೆಗೆ ಫೋನು ರೂಮ್‌ಮೇಟ್‌ನ ಕೈಗೆ. ಎಬ್ಬಿಸಲು ಒಂದು ಹಳೇ ಅಲಾರಂ ಗಡಿಯಾರ ಕೊಡಿಸಿದೆವು. ಇನ್ನೂರೈವತ್ತು ರೂಪಾಯಿ ಆಯಿತು.

ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ, "ಈಗ ಪೂರ್ತಿ ಬಿಟ್ಟಿದ್ದಾನಾ?" ಅಂತ. ಒಂದು ವರ್ಷ ಎರಡು ತಿಂಗಳಾಯಿತು. ನಡುವೆ ಒಂದು ಸಲ ಆಡಿದ್ದ, ಐಪಿಎಲ್ ಸಮಯದಲ್ಲಿ, ಗೆಳೆಯನ ಫೋನಿನಲ್ಲಿ. ಈ ಸಲ ಮರುದಿನವೇ ಫೋನ್ ಮಾಡಿ ಹೇಳಿದ. ಪ್ರತಿ ತಿಂಗಳು ಮೊದಲ ಭಾನುವಾರ ಊರಿಗೆ ಬಂದಾಗ ತಾಯಿ ಮಗ ಇಬ್ಬರೂ ಸ್ಟೇಟ್‌ಮೆಂಟ್ ಹರಡಿಕೊಂಡು ಕೂರುತ್ತಾರೆ. ಹೋದ ತಿಂಗಳು ನಾನೂ ಇದ್ದೆ. ಮೂರು ಪುಟ ಇತ್ತು. ಅಕ್ಕ ಕನ್ನಡಕ ಏರಿಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದೇನೋ ಮುನ್ನೂರ ಎಂಬತ್ತು?"

"ಬಿರಿಯಾನಿ ಅಮ್ಮ."

"ಶನಿವಾರನಾ?"

ಅವನು ನನ್ನ ಮುಖ ನೋಡಿದ.